ಆಯಿಲ್ ಹಾಕುವ ಮೊದಲು ಕೇಳಬೇಕಾದ ಒಂದೇ ಪ್ರಶ್ನೆ

ಹೋದ ವರ್ಷ ಮಳೆ ಬಿಟ್ಟ ಮೇಲೆ ಕಾಫಿ ತೋಟದ ಕಳೆ ಹೊಡೆಸಲು ಶುರು ಮಾಡಿದ ಮೂರನೇ ದಿನವೇ ನಮ್ಮ ಒಂದು ಮೆಷಿನ್ ಸೀಜ್ ಆಯಿತು, ಅಂದರೆ ಎಂಜಿನ್ ಒಳಗೇ ಹಿಡಿದುಕೊಂಡು ನಿಂತಿತು. ಶೆಡ್ಡಿನಲ್ಲಿ ಕಳೆ ಹೊಡೆಯುವ ಮೆಷಿನ್ ಎರಡಿವೆ. ಒಂದು ಟೂ ಸ್ಟ್ರೋಕ್, ಇನ್ನೊಂದು ಫೋರ್ ಸ್ಟ್ರೋಕ್. ಕೆಸರು ಮೆತ್ತಿಕೊಂಡಿರುವಾಗ ಎರಡೂ ಅವಳಿ ಮಕ್ಕಳ ಹಾಗೆ ಕಾಣುತ್ತವೆ. ಪೆಟ್ರೋಲ್ ಕ್ಯಾನೂ ಎರಡು, ಎರಡೂ ಬಿಳಿ. ಯಾವುದರಲ್ಲಿ ಆಯಿಲ್ ಬೆರೆಸಿದ್ದು, ಯಾವುದರಲ್ಲಿ ಸಾದಾ ಪೆಟ್ರೋಲ್ ಅಂತ ನನಗೆ ಗೊತ್ತಿತ್ತು, ಹೊಸದಾಗಿ ಕೆಲಸಕ್ಕೆ ಬಂದ ಹುಡುಗನಿಗೆ ಗೊತ್ತಿರಲಿಲ್ಲ. ಸಾದಾ ಪೆಟ್ರೋಲನ್ನು ಟೂ ಸ್ಟ್ರೋಕ್‌ಗೆ ತುಂಬಿಸಿಕೊಂಡು ಹೋದ.

ಸ್ವಲ್ಪ ಹೊತ್ತು ಚೆನ್ನಾಗಿಯೇ ಓಡಿತಂತೆ. ಹೊಗೆ ಇಲ್ಲ, ಸದ್ದು ಜೋರು, ಅವನಿಗೂ ಖುಷಿ. ಆಮೇಲೆ ಕಿರ್ ಅಂತ ಒಂದು ಸದ್ದು ಬಂದು ನಿಂತಿತು. "ಅಣ್ಣಾ, ಹಗ್ಗ ಎಳೆಯಕ್ಕೇ ಬರ್ತಿಲ್ಲ" ಅಂತ ಹೊತ್ತುಕೊಂಡು ಬಂದ.

ಮೂಡಿಗೆರೆಯ ಮೆಕ್ಯಾನಿಕ್ ಸಿಲಿಂಡರ್ ಬಿಚ್ಚಿ ಪಿಸ್ಟನ್ ನನ್ನ ಕೈಗೆ ಕೊಟ್ಟರು. ಸೈಲೆನ್ಸರ್ ಕಡೆಯ ಮೈಮೇಲೆ ಉದ್ದುದ್ದಕ್ಕೆ ಗೀರು, ಬೆಕ್ಕು ಪರಚಿದ ಹಾಗೆ. ಅಲ್ಯೂಮಿನಿಯಂ ಕರಗಿ ರಿಂಗ್ ಮೇಲೆ ಬಳಿದುಕೊಂಡು, ರಿಂಗ್ ತಾನು ಕೂರುವ ಸಂದಿನಲ್ಲೇ ಅಂಟಿ ಹೋಗಿತ್ತು. ಉಗುರು ಹಾಕಿ ಎಬ್ಬಿಸಲು ನೋಡಿದೆ, ಅಲುಗಲಿಲ್ಲ. "ಗೌಡ್ರೇ, ಇದಕ್ಕೆ ಒಂದು ತೊಟ್ಟು ಆಯಿಲ್ ಹೋಗಿಲ್ಲ" ಅಂದರು. ಹುಡುಗನನ್ನು ಬೈದು ಪ್ರಯೋಜನವಿಲ್ಲ. ಕ್ಯಾನಿನ ಮೇಲೆ ಬರೆದಿಡದ ತಪ್ಪು ನನ್ನದು.

ಅದಾದ ಮೇಲೆ ಆಯಿಲ್ ಬಗ್ಗೆ ಕೂತು ಓದಿದೆ, ಕೇಳಿದೆ. ನನಗೆ ಅರ್ಥವಾಗಿದ್ದನ್ನು ನನ್ನ ಭಾಷೆಯಲ್ಲೇ ಹೇಳುತ್ತೇನೆ. ಅಂಗಡಿಯಲ್ಲಿ ನಾವು ಕೇಳುವುದು "ಯಾವ ಆಯಿಲ್ ಒಳ್ಳೇದು?" ಅಂತ. ಈ ಪ್ರಶ್ನೆಗೆ ಉತ್ತರವೇ ಇಲ್ಲ. ಹಾಕಿದ ಆಯಿಲ್ ಒಳಗೆ ಹೋಗಿ ಏನಾಗುತ್ತದೆ, ಇದನ್ನು ಕೇಳಬೇಕು. ಒಂದು ಕಡೆ ಅದು ಪೆಟ್ರೋಲಿನ ಜೊತೆ ಸುಟ್ಟು ಹೋಗುತ್ತದೆ. ಒಂದು ಕಡೆ ಎಂಜಿನ್ನಿನ ತಳದಲ್ಲಿ ತಿಂಗಳುಗಟ್ಟಲೆ ಕೂತು ಅದೇ ಅದೇ ತಿರುಗುತ್ತದೆ. ಗೇರಿನಲ್ಲಿ ಎರಡು ಹಲ್ಲುಗಳ ಮಧ್ಯೆ ಹಿಂಡಿಸಿಕೊಳ್ಳುತ್ತದೆ. ಮರ ಕೊಯ್ಯುವ ಚೈನಿನಲ್ಲಾದರೆ ಗಾಳಿಗೆ ಸಿಡಿದು ಹೋಗುತ್ತದೆ. ನಾಲ್ಕೂ ಬೇರೆ ಬೇರೆ ಕೆಲಸ, ಹಾಗಾಗಿ ಆಯಿಲ್ಲೂ ಬೇರೆ.

ಸುಟ್ಟು ಹೋಗುವುದರಿಂದ ಶುರು ಮಾಡೋಣ. ಟೂ ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ನಿಲ್ಲಲು ಜಾಗವೇ ಇಲ್ಲ. ಬೇರೆ ಎಂಜಿನ್ನುಗಳಲ್ಲಿ ಆಯಿಲ್ ಇರುವ ಆ ಕೆಳಗಿನ ಗೂಡಿನ ಮೂಲಕವೇ ಇದರಲ್ಲಿ ಪೆಟ್ರೋಲೂ ಗಾಳಿಯೂ ಸೇರಿ ಮೇಲೆ ಹೋಗುತ್ತವೆ. ಹಾಗೆ ಹೋಗುವಾಗ ಪೆಟ್ರೋಲಿನಲ್ಲಿ ಬೆರೆತ ಆಯಿಲ್ ಬೇರಿಂಗಿಗೆ, ಪಿಸ್ಟನ್ನಿಗೆ ಸವರಿಕೊಂಡು, ಕೊನೆಗೆ ತಾನೂ ಸುಟ್ಟು ಸೈಲೆನ್ಸರಿನಿಂದ ಆಚೆ ಹೋಗುತ್ತದೆ. ಇದರ ಲಾಭ ಏನಂದರೆ ಮೆಷಿನ್ನನ್ನು ಹೇಗೆ ಬೇಕಾದರೂ ತಿರುಗಿಸಬಹುದು. ಮರಗಸಿ ಮಾಡುವವನು, ಅಂದರೆ ನೆರಳು ಮರದ ಕೊಂಬೆ ಸವರುವವನು, ಸಿಲ್ವರ್ ಓಕ್ ಮೇಲೆ ಕೂತು ಚೈನ್ ಸಾ ಅನ್ನು ಅಡ್ಡ, ಉದ್ದ, ತಲೆಕೆಳಗೆ ಹಿಡಿದರೂ ಅದು ಓಡುವುದು ಇದಕ್ಕೇ.

ಈಗ ಇಲ್ಲಿಗೆ ಬೈಕಿನ ಎಂಜಿನ್ ಆಯಿಲ್ ಬೆರೆಸಿದರೆ? ಓಡುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಎಂಜಿನ್ ಆಯಿಲ್ಲಿನಲ್ಲಿ ಕೊಳೆ ತೊಳೆಯಲು ಕ್ಯಾಲ್ಸಿಯಂ, ಸವೆತ ತಡೆಯಲು ಸತು, ಹೀಗೆ ಲೋಹದ ಅಂಶಗಳಿರುತ್ತವೆ. ಅವು ಸುಟ್ಟರೆ ಬೂದಿ ಉಳಿಯುತ್ತದೆ. ಬೂದಿ ಪ್ಲಗ್ ಮೇಲೆ ಕೂರುತ್ತದೆ, ಮಸಿ ಸೈಲೆನ್ಸರಿನ ಬಾಯಿ ಕಟ್ಟುತ್ತದೆ. ಟೂಟಿ ಆಯಿಲ್, ಅಂದರೆ ಟೂ ಸ್ಟ್ರೋಕ್‌ಗೆಂದೇ ಮಾರುವ ಆಯಿಲ್, ತೆಳು, ಪೆಟ್ರೋಲಿನಲ್ಲಿ ಬೇಗ ಕರಗುತ್ತದೆ, ಕಡಿಮೆ ಬೂದಿ ಬಿಟ್ಟು ಸುಡುತ್ತದೆ. ಸುಡುವುದಕ್ಕೆಂದೇ ಮಾಡಿದ ಆಯಿಲ್ ಅದು.

ಡಬ್ಬದ ಹಿಂದೆ ಸಣ್ಣಕ್ಷರದಲ್ಲಿ ಜಾಸೋ ಎಫ್‌ಬಿ, ಎಫ್‌ಸಿ, ಎಫ್‌ಡಿ ಅಂತ ಇರುತ್ತದೆ. ಜಪಾನಿನವರ ದರ್ಜೆ ಇದು. ಎಫ್‌ಬಿಗಿಂತ ಎಫ್‌ಸಿ ಹೊಗೆ ಕಡಿಮೆ. ಎಫ್‌ಡಿ ಅಂದರೆ ಅಷ್ಟೇ ಕಡಿಮೆ ಹೊಗೆ, ಜೊತೆಗೆ ಪಿಸ್ಟನ್ನನ್ನು ಇನ್ನೂ ಸ್ವಚ್ಛವಾಗಿಡುತ್ತದೆ. ದಿನವಿಡೀ ಓಡುವ ಮೆಷಿನ್ನಿಗೆ ನಾನು ಎಫ್‌ಡಿಯೇ ತರುತ್ತೇನೆ. ಟಿಸಿ-ಡಬ್ಲ್ಯೂ3 ಅಂತ ಬರೆದದ್ದು ಸಿಕ್ಕರೆ ಬೇಡ. ಅದು ಬೋಟಿನ ಎಂಜಿನ್ನಿಗೆ. ಆ ಎಂಜಿನ್ ನೀರಿನಲ್ಲೇ ತಂಪಾಗಿರುತ್ತದೆ, ನಮ್ಮ ಕಳೆ ಮೆಷಿನ್ ಗಾಳಿಯಲ್ಲಿ ಬೇಯುತ್ತದೆ.

ಇನ್ನು ಅಳತೆ. ಹೆಚ್ಚಿನವರು ಎಡವುವುದು ಇಲ್ಲಿ. ಮೆಷಿನ್ ಜೊತೆ ಬರುವ ಪುಸ್ತಕದಲ್ಲಿ 50:1 ಅಂತ ಇರುತ್ತದೆ. ಅದನ್ನು ಲೀಟರಿಗೆ 50 ಮಿ.ಲೀ. ಅಂತ ಓದುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಅಲ್ಲ. 50 ಪಾಲು ಪೆಟ್ರೋಲಿಗೆ ಒಂದು ಪಾಲು ಆಯಿಲ್, ಅಂದರೆ ಲೀಟರಿಗೆ 20 ಮಿ.ಲೀ. ಐದು ಲೀಟರ್ ಕ್ಯಾನಿಗೆ 100. 40:1 ಅಂದಿದ್ದರೆ ಲೀಟರಿಗೆ 25, 25:1 ಇದ್ದರೆ 40. ಕೆಲವು ಕಂಪನಿಗಳು ತಮ್ಮದೇ ಆಯಿಲ್ ಆದರೆ 50:1, ಬೇರೆಯವರದ್ದಾದರೆ 25:1 ಅಂತ ಎರಡು ಲೆಕ್ಕ ಕೊಡುತ್ತವೆ, ಅದನ್ನೂ ನೋಡಿಕೊಳ್ಳಿ. ಸುಮ್ನೆ ಕಣ್ಣಳತೆಯಲ್ಲಿ ಸುರಿಯಬೇಡಿ. ಹಸುವಿಗೆ ಔಷಧಿ ಕೊಡುವ ದೊಡ್ಡ ಸಿರಿಂಜ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಒಂದನ್ನು ಶೆಡ್ಡಿನಲ್ಲಿ ಇಟ್ಟುಕೊಂಡರೆ ಮುಗಿಯಿತು.

"ಸ್ವಲ್ಪ ಜಾಸ್ತಿ ಹಾಕಿದರೆ ಮೆಷಿನ್ನಿಗೆ ಒಳ್ಳೇದೇ ಅಲ್ವಾ" ಅಂತ ಒಬ್ಬರು ಕೇಳಿದ್ದರು. ಹಬ್ಬದ ಅಡುಗೆಗೆ ತುಪ್ಪ ಹಾಕುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಜಾಸ್ತಿ ಆಯಿಲ್ ಅಂದರೆ ಹೊಗೆ, ಕರಿ ಹಿಡಿದ ಪ್ಲಗ್, ಸ್ಟಾರ್ಟ್ ಆಗದೆ ಹಗ್ಗ ಎಳೆದೆಳೆದು ನೋಯುವ ಭುಜ. ಕಡಿಮೆ ಹಾಕಿದರೆ ಏನಾಗುತ್ತದೆ ಅಂತ ಆಗಲೇ ಹೇಳಿದೆ.

ಬೆರೆಸುವಾಗ ಮೊದಲು ಅರ್ಧ ಪೆಟ್ರೋಲ್, ಆಮೇಲೆ ಆಯಿಲ್, ಮುಚ್ಚಳ ಹಾಕಿ ಚೆನ್ನಾಗಿ ಕುಲುಕಿ, ಆಮೇಲೆ ಉಳಿದ ಪೆಟ್ರೋಲ್. ಟೂಟಿ ಆಯಿಲ್‌ಗೆ ನೀಲಿಯೋ ಹಸಿರೋ ಕೆಂಪೋ ಬಣ್ಣ ಹಾಕಿರುವುದು ಚೆಂದಕ್ಕಲ್ಲ. ಬೆರೆಸಿದ ಪೆಟ್ರೋಲ್ ಯಾವುದು ಅಂತ ಕಣ್ಣಿಗೆ ಗೊತ್ತಾಗಲಿ ಅಂತ. ಬಿಳಿ ಕ್ಯಾನನ್ನು ಬೆಳಕಿಗೆ ಹಿಡಿದು ನೋಡುವ ಅಭ್ಯಾಸ ಇದ್ದಿದ್ದರೆ ನನಗೆ ಒಂದು ಸಿಲಿಂಡರ್ ಉಳಿಯುತ್ತಿತ್ತು.

ಈಗ ಇದಕ್ಕೆ ಇನ್ನೊಂದು ತಲೆನೋವು ಸೇರಿಕೊಂಡಿದೆ. ಬಂಕಿನ ಪೆಟ್ರೋಲಿನಲ್ಲಿ ಈಗ ನೂರಕ್ಕೆ 20 ಪಾಲಿನವರೆಗೆ ಎಥನಾಲ್ ಇರುತ್ತದೆ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ನಮ್ಮ ಮಲೆನಾಡಿನ ಜೂನ್, ಜುಲೈ ಗೊತ್ತಲ್ಲ, ಬೀರುವಿನೊಳಗಿನ ಬಟ್ಟೆಗೇ ಬೂಷ್ಟು ಬರುತ್ತದೆ, ಇನ್ನು ಅರ್ಧ ಖಾಲಿ ಕ್ಯಾನಿನೊಳಗೆ ತೇವ ಹೋಗದೆ ಇರುತ್ತದೆಯೇ? ನೀರು ಒಂದು ಮಟ್ಟ ಮೀರಿದರೆ ಎಥನಾಲೂ ನೀರೂ ಒಟ್ಟಾಗಿ ಪೆಟ್ರೋಲಿನಿಂದ ಬೇರೆಯಾಗಿ ತಳಕ್ಕೆ ಇಳಿಯುತ್ತವೆ. ಆಯಿಲ್ ಮಾತ್ರ ಮೇಲಿನ ಪೆಟ್ರೋಲಿನಲ್ಲೇ ಉಳಿಯುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಎಳೆಯುವ ಪೈಪು ಇರುವುದೂ ತಳದಲ್ಲೇ! ಅಂದರೆ ನೀವು ಸರಿಯಾಗಿ ಅಳೆದು ಬೆರೆಸಿದ್ದರೂ ಎಂಜಿನ್ನಿಗೆ ಹೋಗುವುದು ಆಯಿಲ್ ಇಲ್ಲದ ಸರಕು. ಹಾಗಾಗಿ ವಾರಕ್ಕೆ ಬೇಕಾದಷ್ಟು ಮಾತ್ರ ಬೆರೆಸಿ. ತಿಂಗಳು ದಾಟಿದ್ದನ್ನು ಹಾಕಬೇಡಿ. ಕೆಲಸ ಮುಗಿದು ಮೆಷಿನ್ ಒಳಗಿಡುವಾಗ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ಆಫ್ ಆಗುವವರೆಗೆ ಓಡಿಸಿ, ಕಾರ್ಬ್ಯುರೇಟರ್ ಒಣಗಲಿ.

ಇನ್ನು ಫೋರ್ ಸ್ಟ್ರೋಕ್. ಇದರಲ್ಲಿ ಪೆಟ್ರೋಲ್ ಬೇರೆ, ಆಯಿಲ್ ಬೇರೆ. ಆಯಿಲ್ ತಳದಲ್ಲಿ ನಿಂತು, ಸಿಡಿದು, ಮತ್ತೆ ಇಳಿದು, ಕೊಳೆಯನ್ನೆಲ್ಲ ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡು ಓಡಾಡುತ್ತದೆ. ಇಲ್ಲಿ ಬರುವುದು 10ಡಬ್ಲ್ಯೂ-30, 20ಡಬ್ಲ್ಯೂ-40 ಅನ್ನುವ ಅಂಕಿಗಳ ಕಾಟ.

ಜೋನಿಬೆಲ್ಲ ನೆನೆಸಿಕೊಳ್ಳಿ. ಡಿಸೆಂಬರ್ ಬೆಳಿಗ್ಗೆ ಡಬ್ಬ ಬಗ್ಗಿಸಿದರೆ ಬೀಳುವುದೇ ಇಲ್ಲ. ಅದೇ ಬಿಸಿ ದೋಸೆಯ ಮೇಲೆ ಬಿದ್ದರೆ ನೀರಾಗಿ ಹರಿದು ತಟ್ಟೆಯ ಅಂಚಿಗೆ ಹೋಗುತ್ತದೆ. ಆಯಿಲ್ಲೂ ಹಾಗೇ. ತಣ್ಣಗಿರುವಾಗ ಮಂದ, ಬಿಸಿಯಾದರೆ ತೆಳು. ಎಂಜಿನ್ನಿಗೆ ಬೇಕಾಗಿರುವುದು ಇದರ ಉಲ್ಟಾ: ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಸಲೀಸಾಗಿ ಹರಿಯಬೇಕು, ಕಾದ ಮೇಲೆ ತೀರಾ ನೀರಾಗಬಾರದು. ಎರಡು ಅಂಕಿ ಇರುವುದು ಅದಕ್ಕೇ. ಡಬ್ಲ್ಯೂ ಅಂದರೆ ವಿಂಟರ್, ಚಳಿ. ಅದರ ಮುಂಚಿನ ಅಂಕಿ ಚಳಿಯಲ್ಲಿ ಹೇಗೆ ಅಂತ ಹೇಳುತ್ತದೆ, ಆಮೇಲಿನದು 100 ಡಿಗ್ರಿ ಬಿಸಿಯಲ್ಲಿ ಎಷ್ಟು ಮಂದ ಅಂತ. 30 ಅಂದರೆ ಆ ಬಿಸಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್, 40 ಅಂದರೆ 12.5ರಿಂದ 16.3. ಸೆಂಟಿಸ್ಟೋಕ್ ಅಂದರೆ ಮಂದ ಎಷ್ಟು ಅಂತ ಅಳೆಯುವ ಮಾಪು, ಅಷ್ಟು ಗೊತ್ತಿದ್ದರೆ ಸಾಕು.

ತಮಾಷೆ ಏನಂದರೆ ಚಳಿಯ ಪರೀಕ್ಷೆ ಮಾಡುವುದು ಸೊನ್ನೆಗಿಂತ ಕೆಳಗೆ. 20ಡಬ್ಲ್ಯೂ ಆಯಿಲ್‌ಗೆ ಮೈನಸ್ 15 ಡಿಗ್ರಿಯಲ್ಲಿ, 10ಡಬ್ಲ್ಯೂಗೆ ಮೈನಸ್ 25ರಲ್ಲಿ. ಮುಳ್ಳಯ್ಯನಗಿರಿ 1,930 ಮೀಟರ್ ಎತ್ತರ, ಕರ್ನಾಟಕದಲ್ಲೇ ಎಲ್ಲಕ್ಕಿಂತ ಎತ್ತರದ ಬೆಟ್ಟ, ಅದರ ತುದಿಯಲ್ಲೂ ಅಂಥ ಚಳಿ ಕಂಡವರಿಲ್ಲ. ಹಾಗಾಗಿ ನಮಗೆ ಮೊದಲ ಅಂಕಿಗಿಂತ ಎರಡನೆಯದು ಮುಖ್ಯ. ಮೊದಲನೆಯದು ಪೂರ್ತಿ ಬೇಡ ಅಂತಲ್ಲ, ಚಳಿಗಾಲದ ಬೆಳಿಗ್ಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಓಡಿಸಲು ಎಂಜಿನ್ ಸ್ಟಾರ್ಟ್ ಮಾಡುವಾಗ 10ಡಬ್ಲ್ಯೂ ಸ್ವಲ್ಪ ಬೇಗ ಮೇಲೇರುತ್ತದೆ. ಆದರೆ ಕಾರಿಗೆ ತಂದು ಉಳಿದ 0ಡಬ್ಲ್ಯೂ-20 ತರಹದ ತೀರಾ ತೆಳು ಆಯಿಲ್ಲನ್ನು ಗಾಳಿಯಲ್ಲಿ ತಂಪಾಗುವ ಸಣ್ಣ ಎಂಜಿನ್ನಿಗೆ ಹಾಕಬೇಡಿ. ನೀರು ಸುತ್ತುವ ಕಾರಿನ ಎಂಜಿನ್ನಿನ ಹಾಗೆ ಇದರ ಬಿಸಿ ಒಂದು ಹದದಲ್ಲಿ ಇರುವುದಿಲ್ಲ. ತೆಳು ಆಯಿಲ್ ರಿಂಗ್ ದಾಟಿ ಮೇಲೆ ಹೋಗಿ ಸುಡುತ್ತದೆ, ಮಟ್ಟ ಇಳಿಯುತ್ತದೆ.

ಬೈಕಿಗೆ ಹಾಕುವ 10ಡಬ್ಲ್ಯೂ-30 ನಡೆಯುತ್ತದೆಯೇ? ಪುಸ್ತಕದಲ್ಲಿ 10ಡಬ್ಲ್ಯೂ-30 ಅಂತಿದ್ದರೆ ನಡೆಯುತ್ತದೆ. ಬೈಕಿನ ಡಬ್ಬದಲ್ಲಿ ಎಂಎ ಅಂತಲೂ, ಸ್ಕೂಟರಿನದ್ದರಲ್ಲಿ ಎಂಬಿ ಅಂತಲೂ ಇರುತ್ತದೆ. ಬೈಕಿನ ಕ್ಲಚ್ ಆಯಿಲ್ಲಿನಲ್ಲೇ ಮುಳುಗಿರುವುದರಿಂದ ಅದು ಜಾರದ ಹಾಗೆ ಮಾಡಿದ್ದು ಎಂಎ. ಕಳೆ ಮೆಷಿನ್ನಿನ ಕ್ಲಚ್ ಒಣ, ಅದಕ್ಕೆ ಈ ವ್ಯತ್ಯಾಸ ಲೆಕ್ಕಕ್ಕಿಲ್ಲ. ಉಲ್ಟಾ ಮಾತ್ರ ಮಾಡಬೇಡಿ, ಸ್ಕೂಟರಿನದ್ದು ಬೈಕಿಗೆ ಹಾಕಿದರೆ ಕ್ಲಚ್ ಜಾರಬಹುದು.

ಡಬ್ಬದ ಮೇಲೆ ಎಪಿಐ (ಅಮೆರಿಕದವರ ದರ್ಜೆ) ಅಂತ ಇರುವ ಕಡೆ ಮುಂದಿನ ಅಕ್ಷರ ನೋಡಿ. ಎಸ್ ಇಂದ ಶುರುವಾದರೆ ಪೆಟ್ರೋಲ್ ಎಂಜಿನ್ನಿಗೆ, ಎಸ್‌ಎಲ್, ಎಸ್‌ಎನ್ ಹೀಗೆ. ಸಿ ಇಂದ ಶುರುವಾದರೆ ಡೀಸೆಲ್‌ಗೆ, ಸಿಎಫ್-4, ಸಿಐ-4 ಹೀಗೆ. ಹಾಸನದ ಕಡೆ ಆಲೂಗಡ್ಡೆ, ಶುಂಠಿ ಹೊಲದಲ್ಲಿ ಓಡುವ ಟಿಲ್ಲರ್ ಡೀಸೆಲ್, ಅದಕ್ಕೆ ಸಿ. ಡೀಸೆಲ್ ಎಂಜಿನ್ನಿಗೆ ಹೊಸ ಆಯಿಲ್ ಹಾಕಿ ಎರಡೇ ದಿನಕ್ಕೆ ಕಪ್ಪಾಯಿತು ಅಂತ ಅಂಗಡಿಯವನ ಮೇಲೆ ಜಗಳಕ್ಕೆ ಹೋಗಬೇಡಿ. ಡೀಸೆಲ್ ಸುಟ್ಟ ಮಸಿಯನ್ನು ಗೋಡೆಗೆ ಅಂಟಲು ಬಿಡದೆ ತನ್ನಲ್ಲೇ ಹಿಡಿದಿಡುವುದು ಆ ಆಯಿಲ್ಲಿನ ಕೆಲಸ. ಕಪ್ಪಾಯಿತು ಅಂದರೆ ಕೆಲಸ ಮಾಡುತ್ತಿದೆ ಅಂತ ಅರ್ಥ.

ಬದಲಾಯಿಸುವುದು ಬಣ್ಣ ನೋಡಿ ಅಲ್ಲ, ಗಂಟೆ ನೋಡಿ. ಕಳೆ ಮೆಷಿನ್ನಿನ 35 ಸಿಸಿ ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಹಿಡಿಯುವುದೇ ಸುಮಾರು 100 ಮಿ.ಲೀ., ಒಂದು ಸಣ್ಣ ಲೋಟ ಕಾಫಿಯಷ್ಟು. ಅಷ್ಟು ಆಯಿಲ್ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಎಂಜಿನ್ನನ್ನು ಕಾಪಾಡಬೇಕು. ಇದರಲ್ಲಿ 20 ಮಿ.ಲೀ. ಕಡಿಮೆಯಾದರೂ ಐದರಲ್ಲಿ ಒಂದು ಪಾಲು ಹೋದ ಹಾಗೆ. ಹೊಸ ಎಂಜಿನ್ನಿಗೆ ಮೊದಲ ಆಯಿಲ್ ಬಹಳ ಬೇಗ ತೆಗೆಯಲು ಹೇಳುತ್ತಾರೆ, ಯಾಕೆಂದರೆ ಹೊಸ ಲೋಹ ಉಜ್ಜಿಕೊಂಡು ಬರುವ ಪುಡಿ ಅದರಲ್ಲಿರುತ್ತದೆ. ನಾನು ನನ್ನ ಮೆಷಿನ್ನಿನ ಮೊದಲ ಆಯಿಲ್ಲನ್ನು ಸ್ಟೀಲ್ ತಟ್ಟೆಗೆ ಸುರಿದು ಬಿಸಿಲಿಗೆ ಹಿಡಿದಿದ್ದೆ. ಹಬ್ಬದ ರಂಗೋಲಿಯ ಮಿಂಚಿನ ಪುಡಿ ಇದ್ದ ಹಾಗೆ ಹೊಳೆಯುತ್ತಿತ್ತು. ಅದನ್ನು ಒಮ್ಮೆ ನೋಡಿದವರು ಮತ್ತೆ ಮುಂದೂಡುವುದಿಲ್ಲ.

ಫೆಬ್ರವರಿ, ಮಾರ್ಚ್‌ನಲ್ಲಿ ರೋಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಹೊಡೆಯುವವರು ಈ ಗಂಟೆಯ ಲೆಕ್ಕವನ್ನು ಗಟ್ಟಿಯಾಗಿ ಹಿಡಿಯಬೇಕು. ನಿಮ್ಮ ಡೀಸೆಲ್ ಎಂಜಿನ್ನಿಗೆ 250 ಗಂಟೆಗೊಮ್ಮೆ ಅಂತ ಇದ್ದು, ಕಾಫಿ ಹೂ ಅರಳಿಸುವ ಹೂಮಳೆ ಬರಲಿಲ್ಲ ಅಂತ ದಿನಕ್ಕೆ 12 ಗಂಟೆ ಓಡಿಸಿದರೆ ಮೂರು ವಾರಕ್ಕೇ ಮುಗಿಯಿತು. ವರ್ಷಕ್ಕೊಮ್ಮೆ ಯುಗಾದಿಗೆ ಬದಲಾಯಿಸುತ್ತೇನೆ ಅಂದರೆ ಆಗುವುದಿಲ್ಲ.

ಆಯಿಲ್ ಮಟ್ಟ ಇಳಿದರೆ ಎಲ್ಲರಿಗೂ ಗಾಬರಿ. ಏರಿದರೆ? ಪೆಟ್ರೋಲಿನಲ್ಲಿ ಸ್ಟಾರ್ಟ್ ಮಾಡಿ ಸೀಮೆಎಣ್ಣೆಯಲ್ಲಿ ಓಡಿಸುವ ಹಳೆ ಪಂಪ್‌ಸೆಟ್ ಇನ್ನೂ ಕೆಲವರ ಮನೆಯಲ್ಲಿದೆ. ಎಂಜಿನ್ ಸರಿಯಾಗಿ ಕಾಯುವ ಮೊದಲೇ ಸೀಮೆಎಣ್ಣೆಗೆ ತಿರುಗಿಸಿದರೆ ಪೂರ್ತಿ ಸುಡದ ಸೀಮೆಎಣ್ಣೆ ಗೋಡೆಯಗುಂಟ ಇಳಿದು ಆಯಿಲ್ ಸೇರುತ್ತದೆ. ಕಡ್ಡಿ ಅದ್ದಿ ನೋಡಿದರೆ ಮಟ್ಟ ಮೇಲೆ ಇರುತ್ತದೆ, ನಾವು "ಸದ್ಯ, ಆಯಿಲ್ ತುಂಬ ಇದೆ" ಅಂತ ಸಮಾಧಾನ ಪಡುತ್ತೇವೆ. ಬೆರಳಿಗೆ ಹಚ್ಚಿ ಉಜ್ಜಿದರೆ ನೀರು ನೀರು, ಮೂಸಿದರೆ ದೀಪದ ವಾಸನೆ. ಆಗ ಕೂಡಲೇ ಬದಲಾಯಿಸಿ. ಅಂದ ಹಾಗೆ ಕಡ್ಡಿ ನೋಡುವುದರಲ್ಲೂ ಒಂದು ಮರ್ಮ ಇದೆ. ಮೆಷಿನ್ ಸಮತಟ್ಟಾದ ಜಾಗದಲ್ಲಿರಬೇಕು. ಕೆಲವು ಎಂಜಿನ್‌ಗಳಲ್ಲಿ ಕಡ್ಡಿಯನ್ನು ತಿರುಗಿಸಿ ಬಿಗಿ ಮಾಡದೆ ಸುಮ್ನೆ ಇಳಿಸಿ ನೋಡಬೇಕು, ಬಿಗಿ ಮಾಡಿ ನೋಡಿದರೆ ಆಯಿಲ್ ಕಡಿಮೆ ಇದ್ದರೂ ಸರಿಯಿದೆ ಅನ್ನಿಸುತ್ತದೆ.

ಗೇರಿಗೆ ಬರೋಣ. 90 ನಂಬರ್ ಗೇರ್ ಆಯಿಲ್ ಅಂದರೆ 40 ನಂಬರ್ ಎಂಜಿನ್ ಆಯಿಲ್‌ನ ಎರಡರಷ್ಟು ಮಂದ ಅಂತ ನಾನೂ ನಂಬಿದ್ದೆ. ಅಲ್ಲ. ಗೇರ್ ಆಯಿಲ್‌ನ ಅಂಕಿಯ ಪಟ್ಟಿಯೇ ಬೇರೆ. ಅದರ 90 ಬಿಸಿಯಲ್ಲಿ 13.5ರಿಂದ 18.5 ಸೆಂಟಿಸ್ಟೋಕ್, ಅಂದರೆ ಎಂಜಿನ್ ಆಯಿಲ್‌ನ 40, 50ರ ಹತ್ತಿರ ಹತ್ತಿರವೇ. ವ್ಯತ್ಯಾಸ ಮಂದದಲ್ಲಿ ಅಲ್ಲ, ಒಳಗಿನ ಮದ್ದಿನಲ್ಲಿ. ಹಲ್ಲು ಹಲ್ಲು ಒತ್ತಿಕೊಂಡಾಗ ಆಯಿಲ್ ಪದರ ಹರಿದರೂ ಲೋಹ ಲೋಹಕ್ಕೆ ತಾಗದ ಹಾಗೆ ಗಂಧಕ, ರಂಜಕದ ಅಂಶ ಹಾಕಿರುತ್ತಾರೆ. ಗೇರ್ ಆಯಿಲ್ಲಿನ ದರ್ಜೆಗಳಲ್ಲಿ ಜಿಎಲ್-4ರಲ್ಲಿ ಇದು ಕಡಿಮೆ, ಜಿಎಲ್-5ರಲ್ಲಿ ಜಾಸ್ತಿ. ಜಾಸ್ತಿ ಇರುವುದು ಎಲ್ಲ ಕಡೆ ಒಳ್ಳೆಯದಲ್ಲ, ಹಿತ್ತಾಳೆ, ಕಂಚಿನ ಭಾಗ ಇರುವ ಹಳೆ ಗೇರ್‌ಬಾಕ್ಸಿನಲ್ಲಿ ಆ ಗಂಧಕ ಅದನ್ನೇ ತಿನ್ನಬಹುದು. ಪುಸ್ತಕದಲ್ಲಿ ಜಿಎಲ್-4 ಅಂದಿದ್ದರೆ ಜಿಎಲ್-4ನ್ನೇ ಹಾಕಿ. ಕಳೆ ಮೆಷಿನ್ನಿನ ಕೋಲಿನ ತುದಿಯ ಗೇರಿಗೆ ಮಾತ್ರ ಆಯಿಲ್ ಅಲ್ಲ, ಗ್ರೀಸ್. ಪಕ್ಕದಲ್ಲಿ ಒಂದು ಸಣ್ಣ ಬೋಲ್ಟ್ ಇರುತ್ತದೆ, ಬಿಚ್ಚಿ ತುಂಬಬೇಕು. ಬ್ಲೇಡ್ ಬದಲಾಯಿಸುವಾಗ ಆ ತುದಿ ಮುಟ್ಟಿ ಕೈ ಸುಟ್ಟುಕೊಂಡರೆ ಗ್ರೀಸ್ ಮುಗಿದಿರಬಹುದು, ನೋಡಿ.

ಬೋರ್ಡೋ (ಮೈಲುತುತ್ತು, ಸುಣ್ಣದ ದ್ರಾವಣ) ಹೊಡೆಯುವ ಪವರ್ ಸ್ಪ್ರೇಯರ್ ಇದ್ದವರು ಎಂಜಿನ್ನಿಗೆ ಆಯಿಲ್ ಹಾಕಿ ಪಂಪಿನದ್ದು ಮರೆಯುತ್ತಾರೆ. ಪಂಪಿಗೂ ತನ್ನದೇ ಆಯಿಲ್ ಗುಂಡಿ ಇದೆ, ಗಾಜಿನ ಕಿಂಡಿಯಲ್ಲಿ ಕಾಣುತ್ತದೆ. ಅದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದರೆ ಒಳಗೆ ನೀರು ಹೋಗಿದೆ, ಸೀಲ್ ಹೋಗಿದೆ. ಪಂಪಿನ ಮೇಲಿರುವ ಗ್ರೀಸ್ ತುಂಬಿದ ಸಣ್ಣ ಬಟ್ಟಲುಗಳನ್ನು ಕೆಲಸದ ನಡುವೆ ಆಗಾಗ ತಿರುಗಿಸಬೇಕು.

ಕೊನೆಯದು ಸಿಡಿದು ಹೋಗುವ ಆಯಿಲ್, ಚೈನ್ ಸಾ ಬಾರಿನದ್ದು, ಅಂದರೆ ಚೈನ್ ಸುತ್ತುವ ಉದ್ದ ಪಟ್ಟಿಯದ್ದು. ಹೇಗೂ ಚೆಲ್ಲಿ ಹೋಗುವುದು ತಾನೇ ಅಂತ ಎಲ್ಲರೂ ಇದಕ್ಕೆ ಎಂಜಿನ್ನಿಂದ ತೆಗೆದ ಕರಿ ಆಯಿಲ್ ಹಾಕುತ್ತಾರೆ. ನಮ್ಮ ಮನೆಯಲ್ಲೂ ಬಹಳ ವರ್ಷ ಅದೇ ನಡೆದಿತ್ತು. ಬಾರ್ ಆಯಿಲ್ ಹಲಸಿನ ಮೇಣದ ಹಾಗೆ ಸ್ವಲ್ಪ ಅಂಟು. ವೇಗದಲ್ಲಿ ತಿರುಗುವ ಚೈನಿಗೆ ಅಂಟಿಕೊಂಡಿರಲಿ ಅಂತ ಹಾಗೆ ಮಾಡಿರುತ್ತಾರೆ. ಕರಿ ಆಯಿಲ್ ಮೊದಲ ತಿರುವಿನಲ್ಲೇ ಸಿಡಿಯುತ್ತದೆ, ಅದರಲ್ಲಿರುವ ಲೋಹದ ಪುಡಿ ಆಯಿಲ್ ಪಂಪಿನ ಸಣ್ಣ ತೂತು ಕಟ್ಟಿ ಬಾರನ್ನು ಸವೆಸುತ್ತದೆ. ಅದಕ್ಕಿಂತ ಹೆಚ್ಚಾಗಿ, ಸಿಡಿದದ್ದು ಹೋಗುವುದು ಮೆಷಿನ್ ಹಿಡಿದವನ ಮೈಮೇಲೆ. ಓಡಿದ ಎಂಜಿನ್ ಆಯಿಲ್ ದಿನಾ ಚರ್ಮಕ್ಕೆ ತಾಗಿದರೆ ಕ್ಯಾನ್ಸರ್ ಅಪಾಯ ಇದೆ. ಬಾರ್ ಆಯಿಲ್ ಸಿಗದಿದ್ದರೆ ಹೊಸ 40 ನಂಬರ್ ಆಯಿಲ್ ಹಾಕಿ, ಕರಿ ಆಯಿಲ್ ಬೇಡ.

ಹಾಗಾದರೆ ತೆಗೆದ ಕರಿ ಆಯಿಲ್ ಏನು ಮಾಡುವುದು? ಗೆದ್ದಲು ಬಾರದಿರಲಿ ಅಂತ ಬೇಲಿ ಗೂಟಕ್ಕೆ ಬಳಿಯುತ್ತಿದ್ದೆವು, ಉಳಿದದ್ದನ್ನು ಶೆಡ್ಡಿನ ಹಿಂದೆ ಚೆಲ್ಲುತ್ತಿದ್ದೆವು. ಶೆಡ್ಡಿನ ಹಿಂದಿನ ನೀರು ಹೋಗುವುದು ಹಳ್ಳಕ್ಕೆ, ನಮ್ಮ ಹಳ್ಳ ಸೇರುವುದು ಹೇಮಾವತಿಗೆ, ಅದು ಗೊರೂರಿನ ಕಟ್ಟೆಗೆ. ಈಗ ಒಂದು ಹಳೆ ಐದು ಲೀಟರ್ ಡಬ್ಬದಲ್ಲಿ ಕೂಡಿಡುತ್ತೇನೆ, ತುಂಬಿದ ಮೇಲೆ ಪೇಟೆಗೆ ಹೋಗುವಾಗ ಗ್ಯಾರೇಜಿನ ಬ್ಯಾರಲ್ಲಿಗೆ ಸುರಿದು ಬರುತ್ತೇನೆ. ಅದರ ಪಕ್ಕದಲ್ಲೇ ಪೆಟ್ರೋಲ್ ಕ್ಯಾನುಗಳಿವೆ. ಬೆರೆಸಿದ ಪೆಟ್ರೋಲಿನ ಕ್ಯಾನ್ ಹಿಡಿಗೆ ಕೆಂಪು ನೈಲಾನ್ ಹಗ್ಗ ಸುತ್ತಿದ್ದೇನೆ, ಟೂ ಸ್ಟ್ರೋಕ್ ಮೆಷಿನ್ನಿನ ಹಿಡಿಗೂ ಅದೇ ಹಗ್ಗ. ಹುಡುಗ ಈಗ ಕ್ಯಾನ್ ಎತ್ತುವ ಮೊದಲು ಅದನ್ನು ಒಮ್ಮೆ ಮುಟ್ಟಿ ನೋಡುತ್ತಾನೆ.